ಬಿ-17: ಹೆಸರಿಗಷ್ಟ ವಿಟಮಿನ್

ಈ ವಾರ ಹೊಸ ಅಡಗಿ ಏನೂ ಇಲ್ಲ, ಬ್ಯಾರೆ ವಿಷಯ ಅದ. "ಕ್ಯಾನ್ಸರ್ ರೋಗನ ಅಲ್ಲ, ಬರೇ ವಿಟಮಿನ್ ಬಿ-17 ಕಡಿಮಿ ಆಗಿರ್ತದ, ಜರ್ದಾಳು ಬೀಜ ತಿನ್ರಿ" ಅನ್ನೋ ಮೆಸೇಜ್ ನಿಮಗೂ ಬಂದಿರಬೇಕು. ನಮ್ಮ ಪೈಕಿ ಒಬ್ಬಾಕಿಗೆ ಕಿಮೋ ನಡದದ. ಅದನ್ನ ಓದಿ "ಮೌಶಿ, ಉಳದ ಡೋಸ್ ಬಿಡ್ಲೇನು?" ಅಂತ ಕೇಳಿದ್ಲು. ಬಿಡಬ್ಯಾಡವಾ ಅಂದೆ. ಯಾಕ ಅನ್ನೋದನ್ನ ಎಲ್ಲಾರಿಗೂ ಹೇಳ್ತೇನಿ.

ಬಿ-17 ಅನ್ನೋ ವಿಟಮಿನ್ನೇ ಇಲ್ಲ. ಅದರ ಖರೇ ಹೆಸರು ಅಮಿಗ್ಡಾಲಿನ್. 1830ರಾಗ ಫ್ರಾನ್ಸಿನ ಇಬ್ಬರು ರಸಾಯನಶಾಸ್ತ್ರಜ್ಞರು ಕಹಿ ಬದಾಮಿಯಿಂದ ಅದನ್ನ ತಗದ್ರು. ಜರ್ದಾಳು ಬೀಜದ ಓಡು ಒಡದ್ರ ಸಿಗೋ ತಿರುಳಿನ್ಯಾಗೂ ಅದು ಇರ್ತದ. ಹೊಟ್ಟ್ಯಾಗ ಹೋಗಿ ಒಡದಾಗ ಸೈನೈಡ್ ಬಿಡ್ತದ. ಹೌದ್ರೆವಾ, ಅದೇ ಸೈನೈಡ್.

ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋದಾಗ ಅರ್ನ್ಸ್ಟ್ ಕ್ರೆಬ್ಸ್ ಅಂತ ಅಪ್ಪ-ಮಗ ಇದ್ರು, ಇಬ್ಬರದೂ ಒಂದೇ ಹೆಸರು. ಅಪ್ಪ ಡಾಕ್ಟರ್. ಮಗಗ ವೈದ್ಯಕೀಯ ಪದವಿ ಇರಲಿಲ್ಲ, ಆದ್ರೂ ಡಾಕ್ಟರ್ ಅನಿಸಿಕೊಂಡು ಅಡ್ಡಾಡಿದ. ಅಮಿಗ್ಡಾಲಿನ್ ತರಹದ್ದನ್ನ ಲೇಟ್ರಿಲ್ ಅಂತ ಹೆಸರಿಟ್ಟು ಕ್ಯಾನ್ಸರಿಗೆ ಔಷಧ ಅಂತ ಹೊರಗ ತಂದ್ರು. ಆದ್ರ 1962ರ ಕಾಯ್ದೆ ಪ್ರಕಾರ ಔಷಧ ಅಂದ್ರ ಗುಣ ಮಾಡ್ತದ ಅನ್ನೋದಕ್ಕ ಪುರಾವೆ ಕೊಡಬೇಕು. ಪುರಾವೆ ಎಲ್ಲಿಂದ ತರ್ತಾರ? ಅದಕ್ಕ ಮುಂದ ಮಗ ಇದು ಔಷಧನ ಅಲ್ಲ, ವಿಟಮಿನ್ ಅಂದ. ಮಾಲು ಅದೇ, ಚೀಟಿ ಬ್ಯಾರೆ. ಇದಕ್ಕೂ ಮೊದಲ ಈ ಅಪ್ಪ-ಮಗ ಅದೇ ಜರ್ದಾಳು ಬೀಜದ ಹೆಸರಿನ್ಯಾಗ ಇನ್ನೊಂದಕ್ಕ ಬಿ-15 ಅಂತ ಕರದಿದ್ರು, ಅದೂ ವಿಟಮಿನ್ ಅಲ್ಲ!

ವಿಟಮಿನ್ ಅಂದ್ರ ಅದು ಸಿಗಲಿಲ್ಲಂದ್ರ ರೋಗ ಬರಬೇಕು. ಬಿ-1 ಇಲ್ಲಂದ್ರ ಬೆರಿಬೆರಿ, ಸಿ ಇಲ್ಲಂದ್ರ ಒಸಡಿನಿಂದ ರಕ್ತ. ಅಮಿಗ್ಡಾಲಿನ್ ತಿನ್ನಲಿಲ್ಲಂತ ಯಾರಿಗೂ ಏನೂ ಆಗಿಲ್ಲ. ಆದ್ರ ನಾವು ಹೆಣ್ಮಕ್ಕಳು ಔಷಧಕ್ಕ ಹತ್ತು ಸಲ ಕೇಳ್ತೀವಿ, ವಿಟಮಿನ್ ಅಂದ್ರ ಕೇಳದನ ಮಕ್ಕಳಿಗೆ ನುಂಗಿಸ್ತೀವಿ. ಅವರಿಗೆ ಬೇಕಾಗಿದ್ದೂ ಅದೇ ನಂಬಿಕಿ. 1977ರಾಗ ನ್ಯೂಯಾರ್ಕ್ ರಾಜ್ಯದಾಗ ವರ್ಷನೂ ತುಂಬಲಾರದ ಕೂಸು ಅಪ್ಪನ ಲೇಟ್ರಿಲ್ ಗುಳಿಗಿ ನುಂಗಿ ಸತ್ತುಹೋತು.

ಅಷ್ಟಾದ್ರೂ ಜನ ಬಿಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದಕ್ಕ ಪರವಾನಗಿ ಕೊಟ್ಟವು. ಮೆಕ್ಸಿಕೋದಾಗ ದವಾಖಾನಿ ತಗದ್ರು. ಸಿನಿಮಾ ನಟ ಸ್ಟೀವ್ ಮೆಕ್ವೀನ್ 1980ರಾಗ ಅಲ್ಲಿಗೆ ಹೋಗಿ ಬ್ಯಾರೆ ಉಪಚಾರದ ಜೋಡಿ ಇದನ್ನೂ ತಗೊಂಡ, ಅದೇ ವರ್ಷ ನವೆಂಬರಿನ್ಯಾಗ ತೀರಿಕೊಂಡ. ಸಾಯೋ ಭಯದಾಗ ಇದ್ದವರನ್ನ ಬೈಯಲಿಕ್ಕೆ ನನಗ ಮನಸ್ಸಾಗೂದಿಲ್ಲ. ಮಾರಿದವರ ಮ್ಯಾಲೆ ಸಿಟ್ಟು ಬರ್ತದ.

ಕಡೀಕೆ ಮೇಯೋ ಕ್ಲಿನಿಕ್ ಮತ್ತ ಇತರ ಕ್ಯಾನ್ಸರ್ ಕೇಂದ್ರದವರು 178 ಮಂದಿ ರೋಗಿಗಳಿಗೆ ಕೊಟ್ಟು ನೋಡಿ 1982ರಾಗ ಬರದ್ರು: ಯಾರಿಗೂ ಗುಣ ಆಗಲಿಲ್ಲ, ಆಯುಷ್ಯನೂ ಹೆಚ್ಚಲಿಲ್ಲ. ಕೆಲವರ ರಕ್ತದಾಗ ಸೈನೈಡ್ ಜೀವ ತಗಿಯೋ ಮಟ್ಟದ ಸಮೀಪ ಏರಿತ್ತು.

ಒಣಗಿದ ಜರ್ದಾಳು ಹಣ್ಣು ಆರಾಮ ತಿನ್ರಿ, ಅದರ ಮಾತು ಬ್ಯಾರೆ. ತಿರುಳಿನ ಸಲುವಾಗಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯವರು 2016ರಾಗ ಹೇಳಿದ್ದು ಇಷ್ಟ: ದೊಡ್ಡವರು ಹಸಿ ತಿರುಳು, ಅದೂ ಸಣ್ಣವು, ಒಮ್ಮೆಗೆ ಮೂರಕ್ಕಿಂತ ಹೆಚ್ಚು ತಿಂದ್ರ ಅಪಾಯ. ಸಣ್ಣ ಕೂಸಿಗೆ ಒಂದೂ ಹೆಚ್ಚಾಗಬಹುದು.