ನರಕದ ಬಾಗಿಲೆಂದು ಹೆದರಿದ್ದ ಹಿಮಗುಹೆ

ಬಾಲ್ಯದಲ್ಲಿ ಮನೆಯ ಹಿರಿಯರು 'ಅತ್ತ ಹೋಗಬೇಡ' ಎಂದು ತಡೆದ ಒಂದು ಸ್ಥಳ ನಿಮ್ಮ ನೆನಪಿನಲ್ಲೂ ಇರಬಹುದು. ಊರಾಚೆಯ ಪಾಳುಮನೆಯೋ, ಒಂಟಿ ಹುಣಸೆಮರವೋ, ಬೆಟ್ಟದ ಮೇಲಿನ ಗವಿಯೋ ಇರಬಹುದು. ತಡೆದವರು ತಾವೇ ಅಲ್ಲಿಗೆ ಹೋಗಿ ನೋಡಿದವರಲ್ಲ. ಅವರಿಗೆ ಅವರ ಹಿರಿಯರು ಹೇಳಿದ್ದರು. ಅವರು ನಮಗೆ ಹೇಳಿದರು. ಭಯವೂ ಹೊಲಮನೆಗಳಂತೆ ತಲೆಮಾರಿನಿಂದ ತಲೆಮಾರಿಗೆ ದಾಟಿ ಬರುವ ಒಂದು ಆಸ್ತಿ.

ಯುರೋಪಿನ ಆಸ್ಟ್ರಿಯ ದೇಶದಲ್ಲಿ, ಸಾಲ್ಜ್‌ಬರ್ಗ್ ನಗರದಿಂದ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕಿರುವ ವೆರ್ಫೆನ್ ಎಂಬ ಊರಿನ ಜನರಿಗೂ ಅಂತಹ ಒಂದು ಸ್ಥಳವಿತ್ತು. ಊರಿನ ಮೇಲ್ಗಡೆ ಆಲ್ಪ್ಸ್ ಪರ್ವತಗಳ ಸುಣ್ಣಕಲ್ಲಿನ ಗೋಡೆ ಕಡಿದಾಗಿ ಎದ್ದು ನಿಂತಿದೆ. ಸಮುದ್ರಮಟ್ಟದಿಂದ 1,641 ಮೀಟರ್ ಎತ್ತರದಲ್ಲಿ ಆ ಬಂಡೆಯ ನಡುವೆ ಒಂದು ದೊಡ್ಡ ಬಾಯಿ ತೆರೆದಿದೆ. ಕೆಳಗೆ ಕಣಿವೆಯಲ್ಲಿ ಬಿಸಿಲು ಕಾಯುತ್ತಿರುವ ದಿನಗಳಲ್ಲಿಯೂ ಆ ಬಾಯಿಂದ ಮರಗಟ್ಟಿಸುವ ಗಾಳಿ ಬೀಸುತ್ತದೆ. ಅದು ನರಕದ ಬಾಗಿಲೆಂದು ಜನರು ನಂಬಿದ್ದರು. ಒಳಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ.

ನರಕವೆಂದರೆ ಬೆಂಕಿಯಲ್ಲವೇ, ಶೀತಗಾಳಿಗೆ ಅಲ್ಲೇನು ಕೆಲಸ ಎಂದು ನೀವು ಕೇಳಬಹುದು. ಆದರೆ ಇಟಲಿಯ ಮಹಾಕವಿ ಡಾಂಟೆ ತನ್ನ ಕಾವ್ಯದಲ್ಲಿ ನರಕದ ಅತ್ಯಂತ ಕೆಳಗಿನ ತಳವನ್ನು ಹೆಪ್ಪುಗಟ್ಟಿದ ಸರೋವರವೆಂದೇ ಚಿತ್ರಿಸಿದ್ದಾನೆ. ಪ್ರೀತಿಯ ಕಾವು ಪೂರ್ತಿಯಾಗಿ ಆರಿಹೋದ ಸ್ಥಳ ತಣ್ಣಗಿರುವುದೇ ಸಹಜವಲ್ಲವೇ?

1879ರಲ್ಲಿ ಸಾಲ್ಜ್‌ಬರ್ಗಿನ ಆಂಟನ್ ಪೊಸೆಲ್ಟ್ ಎಂಬವರು ಆ ಬಾಗಿಲನ್ನು ದಾಟಿದರು. ಸುಮಾರು 200 ಮೀಟರ್ ಒಳಗೆ ನಡೆದಾಗ ಎದುರಿಗೆ ಕಡಿದಾದ ಮಂಜುಗಡ್ಡೆಯ ಗೋಡೆ ಅಡ್ಡ ಬಂದಿತು. ಅದನ್ನು ಏರುವ ಸಾಧನಗಳು ಅವರ ಬಳಿ ಇರಲಿಲ್ಲ, ಹಿಂತಿರುಗಿದರು. ಮರುವರ್ಷ ಪರ್ವತಾರೋಹಿಗಳ ಪತ್ರಿಕೆಯೊಂದರಲ್ಲಿ ತಾವು ಕಂಡದ್ದನ್ನು ಬರೆದರು. ಆದರೆ ಓದಿದವರು ಅದನ್ನು ಬೇಗನೆ ಮರೆತುಬಿಟ್ಟರು.

ಮರೆಯದೆ ಉಳಿದ ಕೆಲವರಲ್ಲಿ ಒಬ್ಬರು ಅಲೆಕ್ಸಾಂಡರ್ ಫಾನ್ ಮೋರ್ಕ್. ಸಾಲ್ಜ್‌ಬರ್ಗಿನ ಈ ತರುಣ ಗುಹಾಶೋಧಕರು 1912ರಿಂದ ಸಂಗಡಿಗರೊಂದಿಗೆ ಮತ್ತೆ ಮತ್ತೆ ಆ ಗುಹೆಯನ್ನು ಹೊಕ್ಕರು. ಪೊಸೆಲ್ಟರನ್ನು ತಡೆದಿದ್ದ ಮಂಜಿನ ಗೋಡೆಯನ್ನು ಏರಿ ಆಚೆಗೆ ಇಳಿದರು. ಅವರು ಅಲ್ಲಿ ಕಂಡದ್ದು ಬೆಂಕಿಯೂ ಅಲ್ಲ, ದೆವ್ವಗಳೂ ಅಲ್ಲ. ಕಂಬಗಳಂತೆ, ಪರದೆಗಳಂತೆ, ಹೆಪ್ಪುಗಟ್ಟಿದ ಜಲಪಾತಗಳಂತೆ ನಿಂತ ಮಂಜುಗಡ್ಡೆ, ಮಹಾದೇವಾಲಯಗಳಷ್ಟು ವಿಶಾಲವಾದ ಅಂಗಳಗಳು, ಹಾಗೂ ಮನುಷ್ಯನ ದನಿಯನ್ನು ಎಂದೂ ಕೇಳದಿದ್ದ ಮೌನ. ಈ ಗುಹೆಗೆ ಜರ್ಮನ್ ಭಾಷೆಯಲ್ಲಿ 'ಐಸ್‌ರೀಸನ್‌ವೆಲ್ಟ್', ಅಂದರೆ 'ಹಿಮದೈತ್ಯರ ಲೋಕ' ಎಂದು ಹೆಸರು.

ಇಷ್ಟು ಮಂಜುಗಡ್ಡೆ ಅಲ್ಲಿ ಉಳಿದುದು ಹೇಗೆ? ಆ ಪರ್ವತ ಉಸಿರಾಡುತ್ತದೆ ಎನ್ನಬಹುದು. ಗುಹೆಗೆ ಕೆಳಗೊಂದು ಬಾಯಿಯಿದ್ದರೆ ಮೇಲ್ಗಡೆ ಬೇರೆ ಸಂದುಗಳಿವೆ. ಚಳಿಗಾಲದಲ್ಲಿ ಒಳಗಿನ ಗಾಳಿ ಹೊರಗಿನದಕ್ಕಿಂತ ಬೆಚ್ಚಗಿರುವುದರಿಂದ ಹಗುರವಾಗಿ ಮೇಲಿನ ಸಂದುಗಳಿಂದ ಹೊರಹೋಗುತ್ತದೆ. ಅದರ ಜಾಗಕ್ಕೆ ಕೆಳಬಾಯಿಯಿಂದ ಕೊರೆಯುವ ಗಾಳಿ ನುಗ್ಗಿ ಬಂಡೆಯನ್ನು ತಣ್ಣಗಾಗಿಸುತ್ತದೆ. ವಸಂತದಲ್ಲಿ ಮೇಲಿನ ಹಿಮ ಕರಗಿ ಬಂಡೆಯ ಬಿರುಕುಗಳಲ್ಲಿ ಇಳಿದ ನೀರು ಆ ತಂಪಿಗೆ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ಗಾಳಿಯ ದಿಕ್ಕು ತಿರುಗುತ್ತದೆ: ಒಳಗಿನ ತಂಪುಗಾಳಿ ಭಾರವಾಗಿ ಕೆಳಬಾಯಿಯಿಂದ ಹೊರಬೀಳುತ್ತದೆ. ಊರಿನವರನ್ನು ಹೆದರಿಸಿದ್ದ ಆ 'ನರಕದ ಗಾಳಿ' ಇದೇ. ಗುಹೆಯ ಒಟ್ಟು ಉದ್ದ 42 ಕಿಲೋಮೀಟರಿಗೂ ಹೆಚ್ಚು. ಮಂಜುಗಡ್ಡೆ ಇರುವುದು ಮೊದಲ ಒಂದು ಕಿಲೋಮೀಟರಿನಷ್ಟರಲ್ಲಿ ಮಾತ್ರ.

ಇನ್ನು ಇತಿಹಾಸದ ಕಹಿಯಾದ ಭಾಗಕ್ಕೆ ಬರೋಣ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಮೋರ್ಕ್ ಅವರು ಆ ವರ್ಷವೇ ರಣರಂಗದಲ್ಲಿ ಮಡಿದರು; ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಯಾರೂ ಕಾಲಿಡದ ಕತ್ತಲೆಯಲ್ಲಿ, ಕಾಲು ಜಾರಿದರೆ ಪ್ರಾಣಕ್ಕೇ ಎರವಾಗುವ ಮಂಜಿನ ಮೇಲೆ ನಡೆದು ಕ್ಷೇಮವಾಗಿ ಹಿಂತಿರುಗಿದ್ದ ಮನುಷ್ಯ, ಹಾಡಹಗಲಿನ ಲೋಕದಲ್ಲಿ ಮನುಷ್ಯರ ಕೈಯಿಂದಲೇ ಸತ್ತರು. ನರಕವೆಂದು ಹೆಸರಾದ ಗವಿ ಅವರನ್ನು ಕೊಲ್ಲಲಿಲ್ಲ. ಓದಿದವರೂ ನಾಗರಿಕರೂ ಸೇರಿ ಕಟ್ಟಿದ ನರಕ ಅವರನ್ನೂ ಅವರಂತಹ ಲಕ್ಷಾಂತರ ತರುಣರನ್ನೂ ನುಂಗಿತು.

ವೆರ್ಫೆನ್ ಕಣಿವೆಗೆ ಈ ಪಾಠ ಹೊಸದೇನೂ ಆಗಿರಲಿಲ್ಲ. ಗುಹೆಯ ಕೆಳಗಡೆ ಒಂದು ಗುಡ್ಡದ ಮೇಲೆ ಹೋಹೆನ್‌ವೆರ್ಫೆನ್ ಕೋಟೆಯಿದೆ. 11ನೇ ಶತಮಾನದಲ್ಲಿ, ಪೋಪರಿಗೂ ಚಕ್ರವರ್ತಿಗೂ ಅಧಿಕಾರದ ಕಲಹ ನಡೆಯುತ್ತಿದ್ದಾಗ, ಸಾಲ್ಜ್‌ಬರ್ಗಿನ ಮಹಾಧರ್ಮಾಧ್ಯಕ್ಷರು ಕಟ್ಟಿಸಿದ ಕೋಟೆ ಅದು. ಮುಂದೆ ಅದು ಸೆರೆಮನೆಯೂ ಆಯಿತು. ಮಹಾಧರ್ಮಾಧ್ಯಕ್ಷ ವೋಲ್ಫ್ ಡೀಟ್ರಿಖ್ ಅವರನ್ನೇ 1611ರಲ್ಲಿ ಕೆಲಕಾಲ ಅಲ್ಲಿ ಬಂಧನದಲ್ಲಿ ಇರಿಸಿದ್ದರು. ಮನುಷ್ಯರ ನರಳಾಟ ಕೇಳಿದ್ದು ಕೆಳಗಿನ ಕೋಟೆಯಲ್ಲಿ. ಜನರು ಬೆರಳು ತೋರಿಸಿ ಹೆದರಿದ್ದು ಮೇಲಿನ ನಿರಪರಾಧಿ ಗುಹೆಗೆ. ನಮ್ಮ ನಡುವಿನ ಕೇಡನ್ನು ಕಾಣದೆ ದೂರದ ಬೆಟ್ಟಕ್ಕೆ ಹೊರಿಸುವುದು ಎಷ್ಟು ಸುಲಭ!

ಯುದ್ಧ ಮುಗಿದ ಮೇಲೆ ಗುಹಾಶೋಧಕರು ಮತ್ತೆ ಬೆಟ್ಟ ಹತ್ತಿದರು. 1920ರಲ್ಲಿ ಅವರಿಗಾಗಿ ಮೇಲೊಂದು ತಂಗುಮನೆ ಎದ್ದಿತು, ಹತ್ತುವ ದಾರಿಗಳೂ ಆದವು. ಶೋಧಕರ ಹಿಂದೆಯೇ ಪ್ರವಾಸಿಗಳು ಬರತೊಡಗಿದರು. 1955ರಲ್ಲಿ ಕೇಬಲ್ ಕಾರ್ ಬಂದಾಗ ಒಂದೂವರೆ ತಾಸಿನ ಏರು ಕೆಲವೇ ನಿಮಿಷಗಳ ಪ್ರಯಾಣವಾಯಿತು. ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಜನರು ಆ ಗುಹೆಯನ್ನು ನೋಡಿಬರುವಂತಾಯಿತು.

ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿಗೆ ಹೋದವರು ಮಾರ್ಗದರ್ಶಕರ ಜೊತೆಯಲ್ಲಿಯೇ ಒಳಗೆ ಹೋಗಬೇಕು. ಬಾಗಿಲು ತೆರೆದ ಕ್ಷಣ ಬಿರುಗಾಳಿ ಮುಖಕ್ಕೆ ಬಡಿಯುತ್ತದೆ. ಒಳಗೆ ವಿದ್ಯುದ್ದೀಪಗಳಿಲ್ಲ. ಕೆಲವು ಸಂದರ್ಶಕರ ಕೈಗೆ ಹಳೆಯ ಕಾಲದ ಕಾರ್ಬೈಡ್ ದೀಪಗಳನ್ನು ಕೊಡುತ್ತಾರೆ. ಉಳಿದವರು ಆ ಬೆಳಕಿನಲ್ಲಿಯೇ 700 ಮೆಟ್ಟಿಲುಗಳನ್ನು ಏರಿ, ಅಷ್ಟನ್ನೇ ಇಳಿಯಬೇಕು. ಅಲ್ಲಲ್ಲಿ ಮಾರ್ಗದರ್ಶಕರು ಮೆಗ್ನೀಸಿಯಮ್ ತಂತಿಯನ್ನು ಉರಿಸಿದಾಗ ಹಿಮದ ಗೋಡೆಗಳು ಒಮ್ಮೆಲೇ ನೀಲಿಯಾಗಿ ಬೆಳಗಿ ಮತ್ತೆ ಕತ್ತಲೆಗೆ ಸರಿಯುತ್ತವೆ.

ಆ ದಾರಿಯಲ್ಲಿ ಒಂದು ವಿಶಾಲವಾದ ಅಂಗಳವಿದೆ. ಅದಕ್ಕೆ ಮೋರ್ಕ್ ಅವರ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿಯ ಬಂಡೆಯ ಗೂಡೊಂದರಲ್ಲಿ ಅವರ ಚಿತಾಭಸ್ಮದ ಕರಂಡಕವಿದೆ. ನರಕದ ಬಾಗಿಲೆಂದು ಜನ ಹೆದರಿದ್ದ ಸ್ಥಳದಲ್ಲಿಯೇ ಆ ತರುಣ ವಿಶ್ರಾಂತಿ ಪಡೆಯುತ್ತಿದ್ದಾರೆ. ಮಕ್ಕಳ ಕೈಹಿಡಿದ ತಂದೆತಾಯಿಯರು ದೀಪ ಹಿಡಿದು ಅವರ ಮುಂದೆ ಹಾದುಹೋಗುತ್ತಾರೆ.

ಪ್ರಿಯ ಓದುಗರೇ, ಎಲ್ಲ ಎಚ್ಚರಿಕೆಗಳೂ ಮೂಢನಂಬಿಕೆಗಳಲ್ಲ. ಆ ಗುಹೆಯಲ್ಲಿಯೂ ದಾರಿ ಬಲ್ಲವರು ಜೊತೆಗಿರಲೇಬೇಕು. ಆದರೆ ಇಂದು ನಮ್ಮ ಮಕ್ಕಳಿಗೆ ನಾವು 'ಅತ್ತ ಹೋಗಬೇಡ, ಅವರೊಡನೆ ಸೇರಬೇಡ' ಎಂದು ಹೇಳುವಾಗ, ಆ ಕೇರಿಗೆ, ಆ ಮನೆಗೆ, ಆ ಮನುಷ್ಯನ ಬಳಿಗೆ ನಾವು ಒಮ್ಮೆಯಾದರೂ ದೀಪ ಹಿಡಿದು ಹೋಗಿದ್ದೇವೆಯೇ? ಕೇಳಿಕೊಳ್ಳೋಣ.