ಮಾತೀಸ್ ಚಿತ್ರಗಳಲ್ಲಿ ಕಿಟಕಿ, ಬಟ್ಟೆ, ಭೂದೃಶ್ಯ

ಫ್ರಾನ್ಸಿನ ಚಿತ್ರಕಾರ ಆನ್ರಿ ಮಾತೀಸ್ (1869–1954) ಹೊರಗಿನ ಪ್ರಕೃತಿಯನ್ನು ಮನೆಯೊಳಕ್ಕೆ ಬರಮಾಡಿಕೊಳ್ಳಲು ಮತ್ತೆಮತ್ತೆ ಬಳಸಿದ ವಸ್ತುಗಳು ಕಿಟಕಿ ಮತ್ತು ಬಟ್ಟೆ. ನೇಯ್ಗೆಗೆ ಹೆಸರಾದ ಬೊಆಂ ಪಟ್ಟಣದಲ್ಲಿ ಬೆಳೆದ ಈತನನ್ನು ಬಟ್ಟೆಯ ಗೀಳು ಕೊನೆಯವರೆಗೂ ಬಿಡಲಿಲ್ಲ. ಪರದೆ, ಹಾಸು, ಕಸೂತಿಗಳನ್ನು ಸಂಗ್ರಹಿಸಿ ಚಿತ್ರಶಾಲೆಯಲ್ಲಿ ಇಟ್ಟುಕೊಂಡಿದ್ದ. 1905ರ ‘ತೆರೆದ ಕಿಟಕಿ, ಕೊಲಿಯೂರ್’ ಚಿತ್ರದಲ್ಲಿ ಆ ಊರಿನ ಬಂದರಿನ ದೋಣಿ, ಬಳ್ಳಿ, ಹೂಕುಂಡ, ಒಳಗೋಡೆ ಎಲ್ಲಕ್ಕೂ ಒಂದೇ ಬಿರುಸಿನ ಬಣ್ಣ.

ಇನ್ನೂ ದಿಟ್ಟವಾದದ್ದು 1908ರ ‘ಕೆಂಪು ಕೋಣೆ’. ಇಲ್ಲಿ ಮೇಜುಬಟ್ಟೆಯ ನೀಲಿ ಬಳ್ಳಿ ಗೋಡೆಗೂ ಹಬ್ಬಿದೆ. ಎಡಕ್ಕೆ ಕಾಣುವ ಹಸಿರು ತೋಟ ಕಿಟಕಿಯಾಚೆಯದೋ, ಗೋಡೆಗೆ ತೂಗುಹಾಕಿದ ಚಿತ್ರವೋ ಹೇಳುವುದು ಕಷ್ಟ. ಬರೀ ಅಲಂಕಾರವೆಂದು ಇದನ್ನು ತಳ್ಳಿಹಾಕುವುದು ಸರಿಯಲ್ಲ: ನೇಯ್ದ ಬಳ್ಳಿಗೂ ಬೆಳೆದ ಮರಕ್ಕೂ ಇಲ್ಲಿ ಸಮಾನ ಜೀವವಿದೆ.

ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಬರೆದ ಕೊಲಿಯೂರಿನ ಮತ್ತೊಂದು ಕಿಟಕಿಯಲ್ಲಿ ಹೊರಗಿನ ನೋಟವೆಲ್ಲ ಕಪ್ಪು. 1948ರ ‘ಈಜಿಪ್ಟಿನ ಪರದೆಯಿರುವ ಒಳಾಂಗಣ’ದಲ್ಲಾದರೋ ಕಿಟಕಿಯ ತಾಳೆಮರ ಪಟಾಕಿಯಂತೆ ಸಿಡಿಯುತ್ತದೆ, ಪಕ್ಕದ ಪರದೆಯೂ ಅದಕ್ಕೆ ಸೋಲುವುದಿಲ್ಲ. 1951ರಲ್ಲಿ ಮುಗಿದ ವಾನ್ಸ್ ಊರಿನ ಪ್ರಾರ್ಥನಾಲಯಕ್ಕೆ ಈತ ಹಳದಿ, ಹಸಿರು, ನೀಲಿ ಗಾಜಿನ ಕಿಟಕಿಗಳನ್ನೇ ರೂಪಿಸಿದ.