ಕಡಲತೀರದಲ್ಲಿ ಆಡುತ್ತಿರುವ ಮಕ್ಕಳು

ಮೇರಿ ಕ್ಯಾಸಟ್ (1844–1926)
1884, ಕ್ಯಾನ್ವಾಸ್ ಮೇಲೆ ತೈಲವರ್ಣ
ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್, ವಾಷಿಂಗ್ಟನ್

ಹೆಸರಿಗೆ ಕಡಲತೀರ, ಆದರೆ ಕಡಲು ಇಲ್ಲಿ ಮೇಲಂಚಿನ ನೀಲಿ ಪಟ್ಟಿಯಷ್ಟೇ. ಅದರ ಮೇಲಿನ ದೋಣಿಗಳೂ ಕುಂಚದ ಒಂದೆರಡು ಎಳೆತಗಳಲ್ಲಿ ಮುಗಿದಿವೆ. ಕಲಾವಿದೆಯ ಗಮನವೆಲ್ಲ ಮರಳಲ್ಲಿ ಕೂತ ಈ ಇಬ್ಬರು ಹುಡುಗಿಯರ ಮೇಲೆ. ಮುಂದಿರುವವಳ ಕೆಂಪೇರಿದ ಕೆನ್ನೆ, ಸಲಿಕೆ ಹಿಡಿದ ದುಂಡು ಕೈ, ತಗ್ಗಿಸಿದ ತಲೆ ನೋಡಿ: ನಾವು ನೋಡುತ್ತಿದ್ದೇವೆಂಬ ಪರಿವೆಯೇ ಅವಳಿಗಿಲ್ಲ. ಇನ್ನೊಬ್ಬಳ ಮುಖವನ್ನು ಟೋಪಿ ಮರೆಮಾಡಿದೆ. ಆಗಿನ ಅನೇಕ ಚಿತ್ರಗಳಲ್ಲಿ ಮಕ್ಕಳು ಮುದ್ದು ಗೊಂಬೆಗಳಂತೆ ನೋಡುಗರತ್ತ ನಗುತ್ತಾರೆ. ಕ್ಯಾಸಟ್ ಆ ಸುಲಭದ ಹಾದಿ ಹಿಡಿಯಲಿಲ್ಲ; ಚಿತ್ರದ ಹೆಚ್ಚುಗಾರಿಕೆ ಇರುವುದೇ ಇಲ್ಲಿ.

ಮಕ್ಕಳನ್ನು ಹತ್ತಿರದಿಂದ, ತುಸು ಮೇಲಿನಿಂದ ನೋಡಿದಂತೆ ಚಿತ್ರಿಸಲಾಗಿದೆ. ಬಿಳಿ ಮೇಲಂಗಿಯಲ್ಲಿ ನೀಲಿ, ಬೂದು ಛಾಯೆಗಳು ಬೆರೆತಿರುವುದು ಸಮೀಪದಿಂದಷ್ಟೇ ಕಾಣುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಕ್ಯಾಸಟ್ ಬಾಳಿದ್ದು ಹೆಚ್ಚಾಗಿ ಫ್ರಾನ್ಸಿನಲ್ಲಿ. ಇಂಪ್ರೆಷನಿಸ್ಟರ ಗುಂಪಿಗೆ ಅವರನ್ನು ಕರೆತಂದವರು ಚಿತ್ರಕಾರ ಎಡ್ಗರ್ ಡೆಗಾ. ಆ ಗುಂಪು 1886ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಸಿದ ಎಂಟನೆಯ, ಕೊನೆಯ ಪ್ರದರ್ಶನದಲ್ಲಿ ಈ ಚಿತ್ರವೂ ಇತ್ತು.